ಪೋಷಕರ ಸಭೆಗೆ ಯಾರೂ ಬರುವುದಿಲ್ಲ. ಶಾಲೆ ಮತ್ತು ಮನೆಯ ನಡುವೆ ನಂಬಿಕೆ ಬೆಳೆಸುವುದು ಹೇಗೆ?

ಕೆರೆಯಂಗಳ (ಮಂಡ್ಯ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಈ ವರ್ಷ ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದಾರೆ. ಮಗಳು ಐದನೆಯ ತರಗತಿಯಲ್ಲಿದ್ದಾಳೆ, ಮಗ ಎರಡನೆಯ ತರಗತಿಯಲ್ಲಿದ್ದಾನೆ. ಮೊನ್ನೆ ನಡೆದ ಪೋಷಕರ ಸಭೆಯನ್ನು ಕಂಡ ಮೇಲೆ ತಿಳಿದವರನ್ನು ಕೇಳಲೇಬೇಕು ಎನಿಸಿತು.

ಸಭೆ ಕರೆದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಅದೂ ನಾಟಿಯ ಸಮಯದಲ್ಲಿ. ನೂರಕ್ಕೂ ಹೆಚ್ಚು ಮಕ್ಕಳಿರುವ ಶಾಲೆಗೆ ಬಂದವರು ಬೆರಳೆಣಿಕೆಯಷ್ಟು ತಾಯಂದಿರು ಮತ್ತು ಸಮಿತಿಯ ನಾವು ಕೆಲವರು. ಶಿಕ್ಷಕರು, ಗ್ರಾಮ ಪಂಚಾಯಿತಿ ಸದಸ್ಯರು ಕುರ್ಚಿಯ ಮೇಲೆ ಕುಳಿತರು, ತಾಯಂದಿರು ಚಾಪೆಯ ಮೇಲೆ. ನೀರಿನ ಟ್ಯಾಂಕ್, ಕಾಂಪೌಂಡ್, ಸಮವಸ್ತ್ರ ಎಂದು ಮುಖ್ಯಶಿಕ್ಷಕರು ಓದುತ್ತಾ ಹೋದರು. ನಡಾವಳಿ ಪುಸ್ತಕ ಕೈಯಿಂದ ಕೈಗೆ ಹೋಯಿತು, ಸಹಿ ಬಿತ್ತು, ಹೆಬ್ಬೆಟ್ಟು ಬಿತ್ತು. ಕೊನೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ನನ್ನ ಮಗ ಓದುತ್ತಾನೆಯೇ ಸಾರ್?" ಎಂದು ಕೇಳಿದರು. "ಓದುತ್ತಾನೆ, ಮನೆಯಲ್ಲೂ ಸ್ವಲ್ಪ ಓದಿಸಿ" ಎಂಬ ಉತ್ತರ ಬಂತು. ಆಕೆಗೆ ಅಕ್ಷರ ಬಾರದು ಎಂದು ಊರಿಗೆಲ್ಲ ಗೊತ್ತು. ಸೆರಗು ಎಳೆದುಕೊಂಡು ಕುಳಿತುಬಿಟ್ಟರು.

ಆ ಒಂದು ಪ್ರಶ್ನೆಗೆ ಇಡೀ ಸಭೆಯನ್ನೇ ಮೀಸಲಿಡಬೇಕಿತ್ತು ಎಂದು ನನಗೆ ಅನಿಸುತ್ತಿದೆ. ನಮ್ಮ ಜನಕ್ಕೆ ಮಕ್ಕಳ ಓದಿನ ಮೇಲೆ ಆಸಕ್ತಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕುರಿ ಮಾರಿ ಪಟ್ಟಣದ ಕಾನ್ವೆಂಟ್‌ಗೆ ಶುಲ್ಕ ಕಟ್ಟುವವರು ಇದೇ ಊರಿನಲ್ಲಿದ್ದಾರೆ. ಆಸಕ್ತಿ ಇದೆ, ಆದರೆ ಶಾಲೆಯ ಗೇಟಿನ ಒಳಗೆ ತಮ್ಮ ಮಾತಿಗೆ ಬೆಲೆಯಿದೆ ಎಂಬ ನಂಬಿಕೆ ಇಲ್ಲ. ಅದನ್ನು ಎಲ್ಲಿಂದ ಶುರು ಮಾಡಬೇಕು? ಶಿಕ್ಷಕರೂ ಪೋಷಕರೂ ದಯವಿಟ್ಟು ಬರೆಯಿರಿ.

ಹತ್ತಿ ಹೊಲ (ಶಿಕ್ಷಕಿ, ಯಾದಗಿರಿ ಜಿಲ್ಲೆ)

ಅಧ್ಯಕ್ಷರೇ, ನೀವು ಕೇಳಿದ್ದು ಒಳ್ಳೆಯದಾಯಿತು. ಶಿಕ್ಷಕರ ಕಡೆಯಿಂದ ನೋಡಿದ್ದನ್ನು ಬರೆಯುತ್ತೇನೆ.

ನಮ್ಮ ಭಾಗದಲ್ಲಿ ಸುಗ್ಗಿ ಮುಗಿದ ಮೇಲೆ ಅರ್ಧ ಊರು ಗುಳೆ ಹೋಗುತ್ತದೆ. ಬೆಂಗಳೂರಿನ ಕಟ್ಟಡ ಕೆಲಸ, ಮಹಾರಾಷ್ಟ್ರದ ಕಬ್ಬು ಕಡಿಯುವ ಕೆಲಸ. ಮಕ್ಕಳು ಒಂದೋ ಜೊತೆಗೆ ಹೋಗುತ್ತಾರೆ, ಇಲ್ಲವೇ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಹಾಜರಾತಿ ಪುಸ್ತಕದಲ್ಲಿ ಅದು ಕೇವಲ 'ಗೈರು' ಎಂದು ಕಾಣುತ್ತದೆ. ಮಗು ಏಕೆ ಬರಲಿಲ್ಲ ಎಂಬುದು ಮನೆಯ ಬಾಗಿಲಿಗೆ ಹೋದಾಗಲೇ ತಿಳಿಯುವುದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಯಿತು. ಮಕ್ಕಳು ಶಾಲೆಗೆ ಬರುವ ಬದಲು ನಾವೇ ಅವರ ಓಣಿಗೆ ಹೋಗಿ, ಮರದ ನೆರಳಲ್ಲಿ, ಸಮುದಾಯ ಭವನದಲ್ಲಿ, ಯಾರದೋ ಮನೆಯ ಕಟ್ಟೆಯ ಮೇಲೆ ಪಾಠ ಮಾಡಬೇಕಿತ್ತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು, 2021ರ ಜನವರಿಯಲ್ಲಿ ಶಾಲಾ ಆವರಣದಲ್ಲಿ ಮತ್ತೆ ಶುರುವಾಯಿತು. ಕಲಿಕೆ ಎಷ್ಟಾಯಿತು ಎಂಬುದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು. ಆದರೆ ಪಾಠ ಮಾಡುವುದನ್ನು ತಾಯಂದಿರು ರೊಟ್ಟಿ ಬಡಿಯುತ್ತಲೇ ಬಾಗಿಲಿನಿಂದ ನೋಡಿದರು. ತಮ್ಮ ಮಗು ಗಟ್ಟಿಯಾಗಿ ಓದುವುದನ್ನು ಅವರು ಮೊದಲ ಸಲ ಕೇಳಿದ್ದು ಆಗಲೇ. ಶಾಲೆ ತೆರೆದ ಮೇಲೆ ಅದೇ ತಾಯಂದಿರು ದಾರಿಯಲ್ಲಿ ನಿಲ್ಲಿಸಿ ಮಾತನಾಡಿಸತೊಡಗಿದರು. "ಟೀಚರ್, ಅವಳಿಗೆ ಭಾಗಾಕಾರ ಬರುತ್ತಿಲ್ಲ, ನೋಡಿ" ಎಂದು ಅವರೇ ಹೇಳುವಂತಾಯಿತು.

ಅಂದಿನಿಂದ ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ಕೂಡಲೇ, ನನ್ನ ತರಗತಿಯ ಮಕ್ಕಳ ಮನೆಗಳಿಗೆ ಹೋಗುತ್ತೇನೆ. ಆ ಮೊದಲ ಭೇಟಿಯಲ್ಲಿ ದೂರಿನ ಮಾತು ಒಂದೂ ಇರುವುದಿಲ್ಲ. ಮಗುವಿನ ಹೋದ ವರ್ಷದ ನೋಟ್ ಪುಸ್ತಕ ಒಯ್ಯುತ್ತೇನೆ, ಒಳ್ಳೆಯ ಪುಟ ತೆರೆದು ತೋರಿಸುತ್ತೇನೆ. ಆಮೇಲೆ ಒಂದೇ ಪ್ರಶ್ನೆ: "ನಿಮ್ಮ ಮಗುವಿನ ಬಗ್ಗೆ ನನಗೆ ಏನು ಗೊತ್ತಿರಬೇಕು?" ಒಬ್ಬ ತಂದೆ ಬಹಳ ಹೊತ್ತು ಸುಮ್ಮನಿದ್ದು, "ಅವನಿಗೆ ಎಡಗಿವಿ ಕೇಳಿಸುವುದಿಲ್ಲ" ಎಂದರು. ಅಲ್ಲಿಯವರೆಗೆ ಶಾಲೆಯಲ್ಲಿ ಆ ಹುಡುಗನನ್ನು ಮಂಕು ಎಂದೇ ಎಣಿಸಿದ್ದರು. ಮರುದಿನ ಅವನನ್ನು ಮೊದಲ ಸಾಲಿನಲ್ಲಿ, ಬಲಗಿವಿ ನನ್ನ ಕಡೆಗೆ ಬರುವಂತೆ ಕೂರಿಸಿದೆ.

ಹೇಮಾವತಿ ದಂಡೆ (ಹಾಸನ ಜಿಲ್ಲೆ)

ಟೀಚರ್ ಬರೆದದ್ದು ಓದಿ ಸಂತೋಷವಾಯಿತು, ಆದರೆ ಎಲ್ಲ ಕಡೆ ಹೀಗಿಲ್ಲ. ನಮ್ಮಲ್ಲಿ ಎಸ್‌ಡಿಎಂಸಿ ಎಂದರೆ ಪಂಚಾಯಿತಿ ಚುನಾವಣೆಯ ಮುಂದುವರಿದ ಭಾಗ. ಆ ಪಕ್ಷದವರು ಅಧ್ಯಕ್ಷರಾದರೆ ಈ ಪಕ್ಷದವರ ಮನೆಯವರು ಸಭೆಗೆ ಕಾಲಿಡುವುದಿಲ್ಲ. ಇನ್ನು ಕೆಲವು ಪೋಷಕರು ಶಿಕ್ಷಕರ ಮೇಲೆ ಅರ್ಜಿ ಬರೆಯಲೆಂದೇ ಬರುತ್ತಾರೆ. ಶಿಕ್ಷಕರು ಹೆದರಿ ದೂರ ಇರುತ್ತಾರೆ. ಅವರಿಗೂ ಚುನಾವಣೆ, ಗಣತಿ, ಸಮೀಕ್ಷೆ ಎಂದು ಕೆಲಸ ತಪ್ಪಿದ್ದಲ್ಲ, ಮನೆ ಮನೆಗೆ ಹೋಗಲು ಪುರುಸೊತ್ತು ಎಲ್ಲಿದೆ? ಈ ಸಮಿತಿಗೆ ಕಾನೂನಿನಲ್ಲಿ ನಿಜಕ್ಕೂ ಏನಾದರೂ ಅಧಿಕಾರ ಇದೆಯೇ, ಅಥವಾ ಸಹಿ ಹಾಕುವುದಷ್ಟೇ ಕೆಲಸವೇ? ತಿಳಿದವರು ಹೇಳಿ.

ಮಲೆನಾಡ ಮೇಷ್ಟ್ರು (ನಿವೃತ್ತ ಮುಖ್ಯಶಿಕ್ಷಕ, ಶಿವಮೊಗ್ಗ ಜಿಲ್ಲೆ)

ಹಾಸನದವರು ಕೇಳಿದ್ದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ.

ಮೊದಲು ಗ್ರಾಮ ಶಿಕ್ಷಣ ಸಮಿತಿ ಎಂದಿತ್ತು, ಅದರಲ್ಲಿ ಊರಿನ ಗಣ್ಯರದೇ ಕಾರುಬಾರು. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯ ನಂತರ, 2001ರ ಸರ್ಕಾರಿ ಆದೇಶದಿಂದ ಎಸ್‌ಡಿಎಂಸಿ ಬಂತು. ಶಾಲೆಯಲ್ಲಿ ಮಗು ಓದುತ್ತಿರುವವರೇ ಸಮಿತಿಯಲ್ಲಿರಬೇಕು, ಅಧ್ಯಕ್ಷರೂ ಪೋಷಕರೇ ಆಗಬೇಕು ಎಂಬುದು ಅದರ ತಿರುಳು. ದೇಶಕ್ಕೆಲ್ಲ ಶಿಕ್ಷಣ ಹಕ್ಕು ಕಾಯ್ದೆ ಬರುವ ಎಷ್ಟೋ ಮೊದಲೇ ಕರ್ನಾಟಕ ಈ ಹೆಜ್ಜೆ ಇಟ್ಟಿತ್ತು, ಇದು ನಾವು ಹೆಮ್ಮೆಪಡಬೇಕಾದ ಸಂಗತಿ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೆಯ ಕಲಂ ಪ್ರಕಾರ ಸಮಿತಿಯಲ್ಲಿ ಕನಿಷ್ಠ ನಾಲ್ಕನೆಯ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ತಕ್ಕ ಪ್ರಮಾಣದಲ್ಲಿ ಸ್ಥಾನ ಇರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಹೊಣೆ. ಸಹಿ ಹಾಕುವುದು ಇವೆಲ್ಲದರ ನಂತರ ಬರುವ ಕೆಲಸ.

ಇನ್ನೊಂದು ಕಲಂ ಇದೆ, ಅದನ್ನು ಓದಿದ ಶಿಕ್ಷಕರೇ ಕಡಿಮೆ. 24ನೆಯ ಕಲಮಿನಲ್ಲಿ ಶಿಕ್ಷಕರ ಕರ್ತವ್ಯಗಳ ಪಟ್ಟಿ ಇದೆ. ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇವುಗಳನ್ನು ತಿಳಿಸಬೇಕು ಎಂಬುದು ಅದರಲ್ಲಿ ಒಂದು. ಅಧ್ಯಕ್ಷರೇ, ನಿಮ್ಮ ಸಭೆಯಲ್ಲಿ ಎದ್ದು ನಿಂತ ಆ ತಾಯಿ ಕೇಳಿದ್ದು ತಮ್ಮ ಹಕ್ಕನ್ನು.

ರಾಜಕೀಯದ ಮಾತು ನಿಜ. ನನ್ನ ಅನುಭವದಲ್ಲಿ ಅದಕ್ಕೆ ಮದ್ದು ಲೆಕ್ಕವನ್ನು ಬಯಲಿಗೆ ಇಡುವುದು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ. ಬಂದದ್ದೆಷ್ಟು, ಸುಣ್ಣಬಣ್ಣಕ್ಕೆ ಎಷ್ಟು, ಸೀಮೆಸುಣ್ಣಕ್ಕೆ ಎಷ್ಟು, ನಲ್ಲಿ ರಿಪೇರಿಗೆ ಎಷ್ಟು ಎಂದು ವರಾಂಡದ ಕರಿಹಲಗೆಯ ಮೇಲೆ ಬರೆಸುತ್ತಿದ್ದೆ. ಮಕ್ಕಳೇ ಓದಿ ಮನೆಯಲ್ಲಿ ಹೇಳುತ್ತಿದ್ದರು. ಗುಸುಗುಸು ತಾನಾಗಿ ಕಡಿಮೆಯಾಯಿತು.

ಪೀಣ್ಯದ ಅಮ್ಮ (ಬೆಂಗಳೂರು)

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮಗ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿ. ಎಲ್ಲರೂ ಸಭೆಯ ಬಗ್ಗೆ ಬರೆದಿದ್ದೀರಿ. ಸಭೆಗೆ ಬರಬೇಕೆಂದರೆ ನನಗೆ ಏನಾಗುತ್ತದೆ ಎಂದು ಹೇಳುತ್ತೇನೆ.

ಕೆಲಸದ ದಿನ ಅರ್ಧ ದಿನ ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಗಂಟಿಕ್ಕುತ್ತಾರೆ, ಆ ತಿಂಗಳ ಹಾಜರಿ ಭತ್ಯೆ ಹೋಗುತ್ತದೆ. ಅಷ್ಟು ಕಳೆದುಕೊಂಡು ಹೋದರೆ ಅಲ್ಲಿ ನನ್ನ ಮಗನ ಬಗ್ಗೆ ಎರಡು ನಿಮಿಷ ಮಾತು. ಅದೂ ಬೇರೆ ಪೋಷಕರ ಎದುರಿಗೆ, "ಗಲಾಟೆ ಮಾಡುತ್ತಾನೆ, ಗಣಿತದಲ್ಲಿ ಹಿಂದೆ" ಎಂದು. ಮನೆಗೆ ಬಂದು ಮಗನಿಗೆ ಬೈಯುವುದು ಬಿಟ್ಟರೆ ನಾನು ಏನು ಮಾಡಲು ಸಾಧ್ಯ? ಏಳನೆಯ ತರಗತಿಯ ಗಣಿತವೇ ನನಗೆ ಬರುವುದಿಲ್ಲ.

ನಮ್ಮ ಲೈನಿನಲ್ಲಿ ಕೆಲಸದ ಹೊತ್ತಿನಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಊಟದ ಬಿಡುವಿನಲ್ಲಿ ತೆಗೆದು ನೋಡಿದಾಗ ಶಾಲೆಯ ನಂಬರಿನಿಂದ ಮಿಸ್ಡ್ ಕಾಲ್ ಇದ್ದರೆ ಎದೆ ಧಸಕ್ ಎನ್ನುತ್ತದೆ. ಬಿದ್ದು ಪೆಟ್ಟಾಯಿತೋ, ಯಾರ ಜೊತೆಯಾದರೂ ಹೊಡೆದಾಡಿದನೋ. ಒಳ್ಳೆಯ ಸುದ್ದಿಗೆ ಶಾಲೆಯಿಂದ ಫೋನ್ ಬಂದದ್ದೇ ಇಲ್ಲ. ಈ ವರ್ಷ ವಿಜ್ಞಾನದ ಮೇಡಂ ಹೊಸಬರು. ಒಂದು ದಿನ ಅವರ ಧ್ವನಿ ಸಂದೇಶ ಬಂತು. "ಅಮ್ಮ, ನಿಮ್ಮ ಮಗ ಇವತ್ತು ವಿದ್ಯುತ್ ಮಂಡಲ ತಾನೇ ಜೋಡಿಸಿ ಬಲ್ಬ್ ಹೊತ್ತಿಸಿದ, ಉಳಿದವರಿಗೂ ತೋರಿಸಿಕೊಟ್ಟ. ನಿಮಗೆ ತಿಳಿಸಬೇಕು ಅನಿಸಿತು." ಅಷ್ಟೇ. ಅದನ್ನು ಪಕ್ಕದ ಮೆಷಿನ್‌ನವರಿಗೂ ಕೇಳಿಸಿದೆ. ಆ ಮೇಡಂ ನಾಳೆ ನನ್ನ ಮಗನ ಮೇಲೆ ದೂರು ಹೇಳಿದರೂ ನಾನು ಕೋಪವಿಲ್ಲದೆ ಕೇಳುತ್ತೇನೆ, ಅವರು ಅವನಲ್ಲಿರುವ ಒಳ್ಳೆಯದನ್ನು ಕಂಡವರು.

ಇನ್ನೊಂದು ಕೋರಿಕೆ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಎಲ್ಲ ಮಕ್ಕಳ ಅಂಕಪಟ್ಟಿಯನ್ನು ದಯವಿಟ್ಟು ಹಾಕಬೇಡಿ. ನಮ್ಮ ವಠಾರದಲ್ಲಿ ಒಂದು ಹುಡುಗಿ ಅದರಿಂದಾಗಿ ಶಾಲೆಗೆ ಹೋಗುವುದಿಲ್ಲ ಎಂದು ಹಠ ಹಿಡಿದಳು.

ಹತ್ತಿ ಹೊಲ (ಶಿಕ್ಷಕಿ, ಯಾದಗಿರಿ ಜಿಲ್ಲೆ)

ಅಕ್ಕ, ನಿಮ್ಮ ಮಾತನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಓದಿ ಹೇಳುತ್ತೇನೆ. ಧ್ವನಿ ಸಂದೇಶ ನಾನೂ ಕಳಿಸುತ್ತೇನೆ, ಅಕ್ಷರ ಬಾರದವರಿಗೂ ಅದು ತಲುಪುತ್ತದೆ. ಗುಳೆ ಹೋದ ತಂದೆ ತಾಯಿಗಳಿಗೆ ಮಗು ಪದ್ಯ ಓದಿದ್ದನ್ನು ಕಳಿಸಿದರೆ, ರಾತ್ರಿ ಶೆಡ್ಡಿನಲ್ಲಿ ಮತ್ತೆ ಮತ್ತೆ ಕೇಳುತ್ತಾರಂತೆ.

ಹಾಸನದವರು ಪುರುಸೊತ್ತಿನ ಪ್ರಶ್ನೆ ಕೇಳಿದ್ದರು. ಅದು ನ್ಯಾಯವಾದ ಪ್ರಶ್ನೆ. ಒಂದೇ ತಿಂಗಳಲ್ಲಿ ಎಲ್ಲ ಮನೆಗೂ ಹೋಗಲು ಆಗುವುದಿಲ್ಲ. ಒಂದು ಓಣಿಯ ಮಕ್ಕಳನ್ನು ಒಂದು ಸಂಜೆ ಎಂದು ಇಟ್ಟುಕೊಂಡರೆ ಸಾಗುತ್ತದೆ. ಆದರೆ ಸರ್ಕಾರ ಇದನ್ನು ಶಿಕ್ಷಕರ ಒಳ್ಳೆಯತನಕ್ಕೆ ಬಿಟ್ಟಿದೆ, ಕೆಲಸದ ಹೊತ್ತಿನಲ್ಲಿ ಇದಕ್ಕೆ ಜಾಗವಿಲ್ಲ. ಇದು ಬದಲಾಗಲೇಬೇಕು ಎಂದು ನಾನು ಶಿಕ್ಷಕರ ಸಂಘದಲ್ಲೂ ಹೇಳುತ್ತಿದ್ದೇನೆ.

ನೀಲಿ ದೀಪ (ಕೋಲಾರ ಜಿಲ್ಲೆ)

ಸಭೆಯ ಹೊತ್ತಿನ ಬಗ್ಗೆ ಮಾತಾಯಿತು, ಸಭೆಯ ಜಾಗದ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮೂರಿನಲ್ಲಿ ಶಾಲೆಯ ಕೊಠಡಿ ಸೋರುತ್ತಿತ್ತು ಎಂದು ಪೋಷಕರ ಸಭೆಯನ್ನು ದೇವಸ್ಥಾನದ ಪ್ರಾಂಗಣದಲ್ಲಿ ಕರೆದರು. ನಮ್ಮ ಕೇರಿಯಿಂದ ಯಾರೂ ಹೋಗಲಿಲ್ಲ. ಆಮೇಲೆ "ಇವರಿಗೆ ಮಕ್ಕಳ ಓದು ಬೇಡ" ಎಂಬ ಮಾತು ಬಂತು. ನಮ್ಮ ತಂದೆಯವರನ್ನು ಆ ಮೆಟ್ಟಿಲಿನಿಂದ ಇಳಿಸಿ ಕಳಿಸಿದ್ದನ್ನು ಊರು ಮರೆತಿರಬಹುದು, ನಾವು ಮರೆತಿಲ್ಲ.

ಬಿಸಿಯೂಟದ ವಿಷಯವೂ ಇದೇ. ದಲಿತ ಮಹಿಳೆ ಅಡುಗೆ ಮಾಡುತ್ತಾರೆ ಎಂದು ಮಕ್ಕಳಿಗೆ ಊಟ ಬಿಡಿಸಿದ ಸುದ್ದಿಗಳನ್ನು ನಮ್ಮ ರಾಜ್ಯದಲ್ಲೇ ಓದಿದ್ದೇವೆ. ಅಂಥ ಕಡೆ ಶಾಲೆ ಯಾರ ಪರ ನಿಲ್ಲುತ್ತದೆ ಎಂದು ನಮ್ಮ ಜನ ನೋಡುತ್ತಾರೆ. ನಮ್ಮ ಶಾಲೆಯ ಈಗಿನ ಮುಖ್ಯಶಿಕ್ಷಕಿ ದಿನವೂ ಮಕ್ಕಳ ಸಾಲಿನಲ್ಲೇ ಕುಳಿತು ಅದೇ ಅನ್ನ, ಅದೇ ಸಾರು ಊಟ ಮಾಡುತ್ತಾರೆ. ಬಡಿಸುವ ಮುನ್ನ ಶಿಕ್ಷಕರೊಬ್ಬರು ಸೇರಿದಂತೆ ಎರಡು ಮೂರು ಮಂದಿ ದೊಡ್ಡವರು ರುಚಿ ನೋಡಬೇಕು ಎಂಬ ನಿಯಮ ಇದ್ದೇ ಇದೆ. ಆ ರುಚಿ ನೋಡುವ ಸರದಿಯನ್ನು ಅವರು ಎಲ್ಲ ಕೇರಿಗಳ ತಾಯಂದಿರಿಗೂ ಹಂಚಿದರು. ಮೊದಲಿಗೆ ಕೆಲವರು ನೆಪ ಹೇಳಿದರು. ಈಗ ಬರುತ್ತಾರೆ. ನಮ್ಮ ಅಕ್ಕ ಸಮಿತಿಗೆ ನಿಲ್ಲಲು ಒಪ್ಪಿದ್ದು ಆ ಊಟದ ಸಾಲನ್ನು ಕಂಡ ಮೇಲೆಯೇ.

ಸಾಧನಕೇರಿ ಓದುಗ (ಧಾರವಾಡ)

ನೀಲಿ ದೀಪ ಅವರ ಬರಹಕ್ಕೆ ನಮಸ್ಕಾರ. ನಾನು ಶಿಕ್ಷಣದ ಮೇಲೆ ಸಂಶೋಧನೆ ಮಾಡುವವನು, ಒಂದು ಅಂಶ ಸೇರಿಸುತ್ತೇನೆ. ಷಿಕಾಗೋ ನಗರದ ಪ್ರಾಥಮಿಕ ಶಾಲೆಗಳಲ್ಲಿ ಆಂಥನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ ಹಲವು ವರ್ಷ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಶಾಲೆಯಲ್ಲಿ ನಂಬಿಕೆ ಹುಟ್ಟುವುದು ನಾಲ್ಕು ವಿಷಯಗಳಿಂದ ಎಂದು ಅವರು ಗುರುತಿಸಿದರು: ಎದುರಿನವರ ಮಾತನ್ನು ಗೌರವದಿಂದ ಕೇಳುವುದು, ತನ್ನ ಕೆಲಸವನ್ನು ಚೆನ್ನಾಗಿ ಮಾಡುವುದು, ನಿಯಮ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಾಳಜಿ ತೋರುವುದು, ಆಡಿದಂತೆ ನಡೆಯುವುದು. ಇವುಗಳಲ್ಲಿ ಒಂದು ಕುಸಿದರೂ ಉಳಿದವು ನಿಲ್ಲುವುದು ಕಷ್ಟ. ಯಾದಗಿರಿಯ ಟೀಚರ್, ಮಲೆನಾಡ ಮೇಷ್ಟ್ರು, ಕೋಲಾರದ ಮುಖ್ಯಶಿಕ್ಷಕಿ ಮಾಡಿದ್ದನ್ನು ಓದುವಾಗ ಅದೇ ನೆನಪಾಯಿತು. ಶಾಲೆಯ ಕೈಯಲ್ಲಿ ಹೆಚ್ಚು ಅಧಿಕಾರ ಇರುವುದರಿಂದ ಮೊದಲ ಹೆಜ್ಜೆ ಶಾಲೆಯದೇ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೇಮಾವತಿ ದಂಡೆ (ಹಾಸನ ಜಿಲ್ಲೆ)

ಎಲ್ಲ ಓದಿದೆ. ಒಂದು ಕಷ್ಟದ ಪ್ರಶ್ನೆ ಉಳಿದಿದೆ. ಶಿಕ್ಷಕರು ಮಗುವಿಗೆ ಹೊಡೆದರೆ? ಹೇಳಿದರೆ ಮಗುವಿನ ಮೇಲೆ ಹಗೆ ಸಾಧಿಸುತ್ತಾರೆ ಎಂಬ ಭಯ. ಹೇಳದಿದ್ದರೆ ಒಳಗೇ ಕುದಿ. ಕೊನೆಗೆ ಅದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿಯಾಗಿ ಹೋಗುತ್ತದೆ, ಊರು ಎರಡು ಭಾಗವಾಗುತ್ತದೆ.

ಮಲೆನಾಡ ಮೇಷ್ಟ್ರು (ನಿವೃತ್ತ ಮುಖ್ಯಶಿಕ್ಷಕ, ಶಿವಮೊಗ್ಗ ಜಿಲ್ಲೆ)

ಹೊಡೆಯುವುದೂ ಮನಸ್ಸು ನೋಯುವಂತೆ ಹೀಯಾಳಿಸುವುದೂ ಅದೇ ಕಾಯ್ದೆಯ 17ನೆಯ ಕಲಂ ಪ್ರಕಾರ ನಿಷಿದ್ಧ. ಇದರಲ್ಲಿ ರಾಜಿ ಇಲ್ಲ. "ನಾಲ್ಕು ಬಿಗಿಯಿರಿ ಸಾರ್, ನಾವೇನೂ ಅನ್ನುವುದಿಲ್ಲ" ಎನ್ನುವ ತಂದೆಯಂದಿರಿಗೂ ಇದನ್ನು ಸಭೆಯಲ್ಲಿ ಸ್ಪಷ್ಟವಾಗಿ ಹೇಳಬೇಕು.

ದೂರು ಬಂದಾಗ ಮುಖ್ಯಶಿಕ್ಷಕ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಬಂದವರಿಗೆ ಕುರ್ಚಿ ಕೊಡಬೇಕು, ಪೂರ್ತಿ ಕೇಳಬೇಕು, ನಡುವೆ ಶಿಕ್ಷಕರ ಪರ ವಕಾಲತ್ತು ವಹಿಸಬಾರದು. ಅವರ ಎದುರಿಗೇ ಬರೆದುಕೊಳ್ಳಬೇಕು. ಶಿಕ್ಷಕರನ್ನು ಬೇರೆಯಾಗಿ ಕೇಳಬೇಕು, ಮಗುವನ್ನು ಎಲ್ಲರ ಎದುರು ನಿಲ್ಲಿಸಿ ಸಾಕ್ಷಿ ಹೇಳಿಸಬಾರದು. ಏನು ಕ್ರಮ ಆಯಿತು ಎಂದು ಆ ಮನೆಯವರಿಗೆ ತಾನೇ ಹೋಗಿ ತಿಳಿಸಬೇಕು. ಈ ಕೊನೆಯದನ್ನು ಬಿಡುವುದರಿಂದಲೇ ಹೆಚ್ಚಿನ ಅರ್ಜಿಗಳು ಮೇಲಕ್ಕೆ ಹೋಗುವುದು. ಗಂಭೀರ ಪೆಟ್ಟಾಗಿದ್ದರೆ ಮಾತ್ರ ಊರಿನಲ್ಲೇ ಮುಗಿಸುವ ಮಾತು ಬೇಡ, ಇಲಾಖೆಗೆ ಹೋಗಲೇಬೇಕು.

ಕೆರೆಯಂಗಳ (ಮಂಡ್ಯ ಜಿಲ್ಲೆ)

ಎಲ್ಲರಿಗೂ ಧನ್ಯವಾದ. ಇವನ್ನೆಲ್ಲ ಮುಖ್ಯಶಿಕ್ಷಕರ ಮುಂದೆ ಇಟ್ಟೆ. ಅವರೂ ಬೇಸತ್ತಿದ್ದರು, ಮನಸ್ಸು ಬಿಚ್ಚಿ ಮಾತನಾಡಿದರು. ಮುಂದಿನ ಸಭೆ ಸಂಜೆ, ಡೇರಿಗೆ ಹಾಲು ಹಾಕಿದ ಮೇಲೆ, ಶಾಲೆಯಲ್ಲೇ. ಶಿಕ್ಷಕರೂ ನಾವೂ ಎಲ್ಲರೂ ಚಾಪೆಯ ಮೇಲೆ, ಸುತ್ತಾಗಿ. ಮೊದಲು ಮಕ್ಕಳ ಓದು, ಟ್ಯಾಂಕ್ ಮತ್ತು ಕಾಂಪೌಂಡ್ ಆಮೇಲೆ.

ನನ್ನ ಮಗನ ನಲಿಕಲಿ ಕೊಠಡಿಯಲ್ಲಿ, ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಕಲಿಕಾ ಏಣಿ ಗೋಡೆಯ ಮೇಲಿದೆ. ನಲಿಕಲಿ ಎಂದರೆ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶಿಕ್ಷಕರೇ ಕಟ್ಟಿ ಬೆಳೆಸಿದ, ನಲಿಯುತ್ತಾ ಕಲಿಯುವ ಪದ್ಧತಿ. ಏಣಿಯ ಮೆಟ್ಟಿಲು ಮೆಟ್ಟಿಲಿಗೂ ಪ್ರಾಣಿ ಪಕ್ಷಿಗಳ ಚಿತ್ರ ಇರುತ್ತದೆ. ಅಕ್ಷರ ಬಾರದ ತಾಯಿಯೂ ಅದನ್ನು ನೋಡಿ ತನ್ನ ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಆ ಕೊಠಡಿಯಲ್ಲಿ ಪ್ರತಿ ಮಗುವೂ ತನ್ನ ತಾಯಿಗೆ ತಾನೇ ಏಣಿ ತೋರಿಸಲಿ, ಒಂದು ಪುಟ ಓದಿ ಹೇಳಲಿ ಎಂದು ತೀರ್ಮಾನಿಸಿದ್ದೇವೆ. ದೂರು ಏನಿದ್ದರೂ ಬೇರೆಯಾಗಿ, ಒಬ್ಬೊಬ್ಬರ ಜೊತೆ ಮಾತ್ರ.

ಒಂದು ಸಂದೇಹ. ಸಮಿತಿಯಲ್ಲಿ ಒಂದು ಮಹಿಳಾ ಸ್ಥಾನ ಖಾಲಿ ಇದೆ. ನಮ್ಮ ಶಾಲೆಯಲ್ಲಿ ಹಲವು ಮಕ್ಕಳ ತಂದೆ ತಾಯಿ ಬೆಂಗಳೂರಿನಲ್ಲಿ ದುಡಿಯುತ್ತಾರೆ, ಸಾಕುವವರು ಅಜ್ಜಿಯರು. ಅವರಲ್ಲಿ ಒಬ್ಬರು ಬಹಳ ಚುರುಕು, ದಿನವೂ ಮೊಮ್ಮಗಳನ್ನು ಗೇಟಿನವರೆಗೆ ಬಿಟ್ಟು ಹೋಗುತ್ತಾರೆ. "ತಾಯಿ ಅಲ್ಲದವರು ಸದಸ್ಯರಾಗಲು ಬರುವುದಿಲ್ಲ" ಎಂದು ಯಾರೋ ಹೇಳಿದರು. ನಿಜವೇ ಮೇಷ್ಟ್ರೇ?

ಮಲೆನಾಡ ಮೇಷ್ಟ್ರು (ನಿವೃತ್ತ ಮುಖ್ಯಶಿಕ್ಷಕ, ಶಿವಮೊಗ್ಗ ಜಿಲ್ಲೆ)

ಹಾಗೇನೂ ಇಲ್ಲ. ಕಾಯ್ದೆಯಲ್ಲಿ ತಂದೆ ತಾಯಿ ಅಥವಾ ಪಾಲಕರು ಎಂದೇ ಇದೆ. ಮಗುವನ್ನು ನಿಜವಾಗಿ ನೋಡಿಕೊಳ್ಳುತ್ತಿರುವವರು ಪಾಲಕರು. ದಾಖಲಾತಿ ಪುಸ್ತಕದಲ್ಲಿ ಆ ಅಜ್ಜಿಯ ಹೆಸರು ಪಾಲಕರೆಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಮಗುವಿನ ತಂದೆ ತಾಯಿಯಿಂದ ಒಂದು ಪತ್ರ ತರಿಸಿ ಮುಖ್ಯಶಿಕ್ಷಕರಿಗೆ ಕೊಡಿ, ಪೋಷಕರ ಸಭೆಯಲ್ಲಿ ಹೆಸರು ಸೂಚಿಸಿ ಆರಿಸಿಕೊಳ್ಳಿ. ನಡಾವಳಿಯಲ್ಲಿ ಸೂಚಕರು, ಅನುಮೋದಕರು ಯಾರು ಎಂದು ಸರಿಯಾಗಿ ಬರೆಸುವುದನ್ನು ಮರೆಯಬೇಡಿ, ಆಮೇಲೆ ಯಾರೂ ತಕರಾರು ತೆಗೆಯುವಂತಿರಬಾರದು.

ಕೆರೆಯಂಗಳ (ಮಂಡ್ಯ ಜಿಲ್ಲೆ)

ಆಗಲಿ ಮೇಷ್ಟ್ರೇ. ಇಂದು ಸಂಜೆಯೇ ಅವರ ಮನೆಗೆ ಹೋಗಿ ಕೇಳುತ್ತೇನೆ. ಮಗಳ ನಂಬರ್ ಅವರ ಹತ್ತಿರ ಇರುತ್ತದೆ, ಪತ್ರದ ವಿಷಯವನ್ನೂ ಅಲ್ಲೇ ಮಾತನಾಡಿ ಬರುತ್ತೇನೆ.